ಮೊಳೆ ಬೀಳದ ಕ್ಯಾನು

ಕವೇರೆ ಟೀಚರ್ ಮಗಳು ಇಮಾಲಿ, ಟೀಚರ್ ಅವರ ಅಣ್ಣತಮ್ಮಂದಿರೇ, ನಮ್ಮ ಶಾಲೆಯ ಹಿರಿಯ ಕಿರಿಯ ಮೇಷ್ಟ್ರುಗಳೇ, ಶಾಮಿಯಾನದೊಳಗೆ ಜಾಗ ಸಿಗದೆ ಬಾಳೆಗಿಡಗಳ ಹತ್ತಿರ ನಿಂತಿರುವವರೇ — ಎಲ್ಲರಿಗೂ ನಮಸ್ಕಾರ.

ನಾನು ಜಫೆತ್ ಅಗೇಸ. ಇಪ್ಪತ್ತಾರು ವರ್ಷ ಈ ಶಾಲೆಯಲ್ಲಿ ಕೃಷಿ ಪಾಠ ಮಾಡಿದವನು. ಕವೇರೆ ಟೀಚರ್ ಅವರದ್ದು ಗೃಹವಿಜ್ಞಾನ. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಮೇಜು ಅಕ್ಕಪಕ್ಕ. ನಾಲ್ಕು ಒಳ್ಳೆಯ ಮಾತಾಡಿ ಕೂತುಬಿಡಿ ಎಂದು ಹೆಡ್‌ಮಾಸ್ಟರು ಹೇಳಿದ್ದರು. ಬರೆದುಕೊಂಡೂ ಬಂದಿದ್ದೆ — ನೋಡಿ, ಈ ಹಾಳೆ. ಇದನ್ನು ಮಡಿಸಿ ಜೇಬಿಗೆ ಹಾಕುತ್ತಿದ್ದೇನೆ.

ಯಾಕೆಂದರೆ ಈಗ ತಾನೇ ಮಿನಾಯೊ ಅಮ್ಮ ಇದೇ ಮೈಕಿನ ಮುಂದೆ ನಿಂತು ಟೀಚರ್ ಶವಪೆಟ್ಟಿಗೆಯ ಕಡೆ ಕೈ ತೋರಿಸಿದರು. "ಹನ್ನೊಂದು ವರ್ಷದ ಹಿಂದೆ ನನ್ನ ಮಗು ಸತ್ತಿದ್ದು ಈಕೆಯಿಂದ. ಇವತ್ತು ದೇವರ ಮುಂದೆ ಕ್ಷಮಿಸಿದೀನಿ" ಅಂದರು. ನೀವೆಲ್ಲ ಆಮೆನ್ ಅಂದಿರಿ. ಬಾಯಿ ರೂಢಿ, ನಾನೂ ಅಂದೆ. ಅಂದ ಮೇಲೆ ಈ ಹಾಳೆ ಓದಲಾರೆ.

ಕವೇರೆ ಟೀಚರ್ ಎಂಥವರಾಗಿದ್ದರು ಅಂತ ಎಲ್ಲರಿಗೂ ಗೊತ್ತು. ಜಿಪುಣಿ. ಹೌದು, ಸತ್ತವರ ಮುಂದೆ ಹೇಳಬಾರದು, ಹೇಳುತ್ತಿದ್ದೇನೆ. ಯಾವ ವಸ್ತುವನ್ನೂ ಸಾಯಲು ಬಿಡದ ಹೆಂಗಸು. ಟೊಮೆಟೊ ಡಬ್ಬಿ ಬುಡ್ಡಿದೀಪವಾಗಬೇಕು. ಹರಿದ ಸೊಳ್ಳೆಪರದೆ ಮೈಯುಜ್ಜುವ ಬಟ್ಟೆಯಾಗಬೇಕು. ಮೆಕ್ಕೆಜೋಳ ಬಿಡಿಸಿದ ದಿಂಡನ್ನು ಇಷ್ಟೇ ಇಷ್ಟು ಕತ್ತರಿಸಿದರೆ ಸೀಸೆಗೆ ಬಿರಡೆ. ಬೀನ್ಸಿನ ಸಿಪ್ಪೆ ಸುಟ್ಟು ಬೂದಿಯ ನೀರು ಸೋಸಿ ಸೊಪ್ಪು ಮೆತ್ತಗೆ ಬೇಯಲೆಂದು ಹಾಕುವುದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಆದರೆ ಉಳಿದ ಬೂದಿಯಲ್ಲಿ ಪಾತ್ರೆ, ಪಾತ್ರೆ ತಿಕ್ಕಿ ಮಿಕ್ಕಿದ್ದರಲ್ಲಿ ಶಾಲೆಯ ಕಕ್ಕಸು, ಅದರಲ್ಲೂ ಮಿಕ್ಕಿದ್ದು ಎಲೆಕೋಸಿನ ಹುಳಕ್ಕೆ — ಇದು ಟೀಚರ್ ಲೆಕ್ಕ. ಅವರಿಗೆ ಬೂದಿ ಟೀಚರ್ ಅಂತ ಹೆಸರಿಟ್ಟವರು ಯಾರು ಗೊತ್ತಾ? ನಾನು.

ಸ್ಟಾಫ್ ರೂಮಿನ ಚಹಾ ಫ್ಲಾಸ್ಕಿನ ಮುಚ್ಚಳ ಸೋರುತ್ತಿತ್ತು. ಟೀಚರ್ ಹಳೆಯ ಹವಾಯಿ ಚಪ್ಪಲಿ ತಂದು ದುಂಡಗೆ ಕತ್ತರಿಸಿ, ಮೂರು ಸಲ ಕುದಿಸಿ, ಮುಚ್ಚಳದೊಳಗೆ ಕೂರಿಸಿದರು. ಒಂದು ಹನಿ ಸೋರಲಿಲ್ಲ. ಇನ್‌ಸ್ಪೆಕ್ಟರು ಬಂದು ಎರಡು ಕಪ್ಪು ಕುಡಿದು ಚಹಾ ಬಹಳ ಬಿಸಿಯಾಗಿದೆ ಎಂದು ಹೊಗಳಿದರು. ಆಗ ನಾನು ಎದ್ದು, ಸಾರ್, ಅದು ನಮ್ಮ ಟೀಚರ್ ಕಾಲಿನ ಬಿಸಿ ಅಂದೆ. ಇನ್‌ಸ್ಪೆಕ್ಟರು ಬಾಯಲ್ಲಿದ್ದುದನ್ನು ಕಿಟಕಿಯಿಂದಾಚೆ ಉಗಿದರು. ಹೀಗೆ, ಹೀಗೆ ಕತ್ತು ಚಾಚಿ. ಒಂದು ವಾರ ನಕ್ಕೆವು. ಟೀಚರ್ ಮಾತ್ರ ಸುಮ್ಮನೆ ಮುಚ್ಚಳ ತೊಳೆದಿಟ್ಟರು.

ನಕ್ಕವರೆಲ್ಲ ಸಂಜೆ ಅವರ ಮನೆ ಬಾಗಿಲಲ್ಲಿ. ಟೀಚರ್, ಸೀಮೆಎಣ್ಣೆ ವಾಸನೆ ಹೇಗೆ ಹೋಗುತ್ತೆ? ಟೀಚರ್, ಚೀಲದೊಳಗೆ ಈರುಳ್ಳಿ ಹೇಗೆ ಬೆಳೆಯೋದು? ಎರಡನೇ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೀರಲ್ಲ — ನೀವೂ ಇದ್ದಿರಿ.

ಹೆಂಗಸರ ಸಂಘ ಕಟ್ಟಿದವರೂ ಅವರೇ. ಹೋಟೆಲುಗಳಿಂದ ಅಡುಗೆ ಎಣ್ಣೆಯ ಖಾಲಿ ಕ್ಯಾನು ತಂದು, ಒಳಗೆ ಬೂದಿ, ಮರಳು, ಬಿಸಿನೀರು ಹಾಕಿ ಕುಲುಕಿ ತೊಳೆದು ಶಾಲೆಯ ಅಡುಗೆಮನೆಯ ಹಿಂದೆ ರಾಶಿ ಹಾಕುವುದು. ನೀರಿಗೆ ಬೇಕಾದವರು ಒಂದೊಂದು ಒಯ್ಯುವುದು. ಆದರೆ ಆ ರಾಶಿಗೆ ಟೀಚರ್ ಒಂದು ಕಾನೂನು ಇಟ್ಟಿದ್ದರು — ಔಷಧಿಯ ಕ್ಯಾನಿಗೆ ಮರುಜನ್ಮ ಇಲ್ಲ. ದನದ ಉಣ್ಣಿಗೆ ಹೊಡೆಯುವ ಔಷಧಿ ಮುಗಿದ ದಿನವೇ ಕ್ಯಾನಿನ ತಳಕ್ಕೆ ಮೊಳೆ ಹೊಡೆದು ಮೂರು ತೂತು ಮಾಡಬೇಕು. ಉಗ್ರಾಣದ ಬಾಗಿಲಿಗೆ ಸುತ್ತಿಗೆ, ಮೊಳೆ ಎರಡನ್ನೂ ನೇತುಹಾಕಿದ್ದರು. ಸಿಕ್ಕಿದ್ದನ್ನೆಲ್ಲ ಉಳಿಸುವ ಹೆಂಗಸು ಕೈಯಾರೆ ಹಾಳು ಮಾಡುತ್ತಿದ್ದದ್ದು ಅದೊಂದನ್ನೇ.

ಆ ಔಷಧಿ ಐದು ಲೀಟರಿನ ಕ್ಯಾನಿನಲ್ಲಿ ಬರುತ್ತಿದ್ದದ್ದು ಎರಡೇ ಕಡೆಗೆ. ಟೀಚರ್ ಮನೆಯ ಕೊಟ್ಟಿಗೆಗೆ. ಶಾಲೆಯ ಕೊಟ್ಟಿಗೆಗೆ. ಶಾಲೆಯ ಕೊಟ್ಟಿಗೆ — ನನ್ನ ಉಸ್ತುವಾರಿ.

ಮಿನಾಯೊ ಅಮ್ಮ, ಈಗಿನಿಂದ ನಿಮಗೆ ಹೇಳುತ್ತಿದ್ದೇನೆ. ಉಳಿದವರು ಬೇಕಾದರೆ ಕೇಳಿಸಿಕೊಳ್ಳಲಿ.

ಒಂದು ಬುಧವಾರ ನನ್ನ ಕೈಯಲ್ಲಿ ಅಂಥ ಕ್ಯಾನೊಂದು ಖಾಲಿಯಾಯಿತು. ಗಟ್ಟಿ ಕ್ಯಾನು, ಮುಚ್ಚಳ ಸರಿಯಾಗಿತ್ತು, ಹಿಡಿ ಚೆನ್ನಾಗಿತ್ತು. ಸುತ್ತಿಗೆ ಕೈಗೆ ತೆಗೆದುಕೊಂಡೆ. ಮನಸ್ಸು ಬರಲಿಲ್ಲ. ನಾನೇ ನಗುತ್ತಿದ್ದ ಬೂದಿ, ನಾನೇ ನಗುತ್ತಿದ್ದ ಮರಳು — ಮೂರು ಸಲ ಕುಲುಕಿ ತೊಳೆದೆ. ಮೂಸಿ ನೋಡಿದೆ. ವಾಸನೆ ಇರಲಿಲ್ಲ. ಚೀಟಿ ಕೆರೆದು ತೆಗೆದೆ. ರಾಶಿಯ ಮೇಲಿಟ್ಟು ಕೈ ಒರೆಸಿಕೊಂಡು ಕ್ಲಾಸಿಗೆ ಹೋದೆ. ಇಡೀ ಜೀವನದಲ್ಲಿ ಒಂದೇ ಒಂದು ಸಲ ಟೀಚರ್ ಮಾತು ಕೇಳಿದೆ, ಅದೂ ಅರ್ಧ ಕೇಳಿದೆ.

ಮಾರನೆಯ ದಿನ ಅದನ್ನು ಒಯ್ದವರು ನೀವು. ಹೊಲಕ್ಕೆ ಕುಡಿಯುವ ನೀರು ಒಯ್ಯಲು. ಆ ನೀರು ಕುಡಿದ ನಿಮ್ಮ ಮಗು ಕಿಸಿಯಾಗೆ ಆಗ ನಾಲ್ಕು ವರ್ಷ.

ದಯವಿಟ್ಟು, ಯಾರೂ ಏಳಬೇಡಿ. ಮುಗಿಸಲು ಬಿಡಿ. ಇಮಾಲಿ, ಕೂತ್ಕೋ ಮಗಳೇ.

ಆಸ್ಪತ್ರೆಯವರು ಉಣ್ಣಿ ಔಷಧಿ ಅಂದರು. ಚರ್ಚಿನಲ್ಲಿ ಸಭೆ ಸೇರಿತು. ಕ್ಯಾನು ತೊಳೆದು ಅದರಲ್ಲಿ ನೀರು ಕುಡಿಯೋದು ಯಾರು ಹೇಳಿಕೊಟ್ಟರು ಎಂದು ಪಾದ್ರಿಗಳು ಕೇಳಿದರು. ನೀವೆಲ್ಲ ಒಬ್ಬರ ಕಡೆಗೇ ನೋಡಿದಿರಿ. ಟೀಚರ್ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಹೊರಗೆ ಬಂದಮೇಲೆ ಅವರು ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ಮೇಷ್ಟ್ರೇ, ಶಾಲೆ ಕ್ಯಾನಿಗೆ ಮೊಳೆ ಹೊಡೆದಿದ್ರಾ?"

"ಹೊಡೆದಿದ್ದೆ ಟೀಚರ್."

"ನೆನಪಿದೆಯಾ?"

"ಮೂರು ತೂತು. ನನ್ನ ಕೈಯಾರೆ."

ಅವರ ಮುಖ ಹೇಗಾಯಿತು ಅಂತ ಹೇಳಲಾರೆ. ಹೇಳುವ ಯೋಗ್ಯತೆಯೂ ನನಗಿಲ್ಲ. ನನ್ನದಲ್ಲವೆಂದರೆ ಉಳಿದದ್ದು ಅವರದೇ ಅಲ್ಲವೇ? ಎರಡು ದಿನ ಹಿತ್ತಲಿನ ಕಸದ ಗುಂಡಿ ಅಗೆದರು, ತೂತು ಬಿದ್ದ ತಮ್ಮ ಹಳೆಯ ಕ್ಯಾನು ಸಿಗುತ್ತದೇನೋ ಎಂದು. ಕಸ ಸುಟ್ಟಾಗಿತ್ತು. ಬೂದಿ ಸಿಕ್ಕಿತು. ಆವತ್ತಿನಿಂದ ಅವರು ನಂಬಿದರು, ಆ ಮಗುವನ್ನು ಕೊಂದದ್ದು ತಾನೇ ಎಂದು. ಯಾರೋ ಹೊರಿಸಿದ್ದಕ್ಕಲ್ಲ, ನಾನು ಹೇಳಿದ್ದಕ್ಕೆ.

ಊರಿನವರೇ, ಆಮೇಲೆ ನೀವೆಲ್ಲ ಮಾಡಿದ್ದು ನಿಮಗೆ ನೆನಪಿಲ್ಲದಿದ್ದರೆ ನಾನು ನೆನಪಿಸುತ್ತೇನೆ. ನಮ್ಮಲ್ಲಿ ಯಾರ ಮನೆಯಲ್ಲಿ ಸಾವಾದರೂ ಓಣಿಯ ಹೆಂಗಸರೆಲ್ಲ ನೀರು ಹೊತ್ತು ತರಬೇಕು, ಒಟ್ಟಿಗೆ ಅಡುಗೆ ಮಾಡಬೇಕು. ಹನ್ನೊಂದು ವರ್ಷ ಅವರನ್ನು ಒಂದು ಕೊಡ ಮುಟ್ಟಲು ಬಿಡಲಿಲ್ಲ. ನೀವು ಕೂತ್ಕೊಳ್ಳಿ ಟೀಚರ್ ಅಂತ ಬಹಳ ಮರ್ಯಾದೆಯಿಂದ ಮೂಲೆಯಲ್ಲಿ ಕುರ್ಚಿ ಹಾಕಿದಿರಿ. ಅವರು ಕೂತರು. ಬೂದಿ ಟೀಚರ್ ಹೋಗಿ ವಿಷದ ಟೀಚರ್ ಆದರು. ಇಮಾಲಿಯನ್ನು ಕೇಳಿಕೊಂಡು ಬಂದ ಗಂಡಿನ ಕಡೆಯವರು ಈ ಹೆಸರು ಕೇಳಿ ಗೇಟಿನಿಂದಲೇ ಹಿಂದಿರುಗಿದರು. ನಾನು ಅವರಿಗೆ ದಾರಿ ತೋರಿಸಿದೆ, ಬಸ್ ನಿಲ್ದಾಣಕ್ಕೆ.

ಟೀಚರ್ ಮನೆಯಲ್ಲಿ ಒಂದು ಡಬ್ಬಿ, ಒಂದು ಸೀಸೆ, ಒಂದು ಚಿಂದಿ ಉಳಿಯಲಿಲ್ಲ. ಎಲ್ಲ ಸುಟ್ಟರು. ಅಂಗಡಿಯಿಂದ ಹೊಸದು ತಂದರು, ಅದನ್ನೂ ಎರಡು ಸಲ ಕುದಿಸಿದರು. ಮಕ್ಕಳು ತರಗತಿಯಲ್ಲಿ ಹಳೆಯ ವಸ್ತುವಿನಿಂದ ಏನು ಮಾಡಬಹುದು ಎಂದು ಕೇಳಿದರೆ, ಎಸೆದುಬಿಡಿ ಎನ್ನುತ್ತಿದ್ದರು. ಪ್ರತಿ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಮಿನಾಯೊ ಅಮ್ಮನ ಗೇಟಿನ ಮುಂದೆ ನಿಲ್ಲುತ್ತಿದ್ದರು. ಗೇಟು ತೆಗೆಯುತ್ತಿರಲಿಲ್ಲ. ಸ್ವಲ್ಪ ಹೊತ್ತು ನೋಡಿ ಹಿಂದಿರುಗುತ್ತಿದ್ದರು. ನನ್ನ ಮನೆ ರಸ್ತೆಯ ಈಚೆ ಪಕ್ಕ. ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ರಸ್ತೆ ಎಷ್ಟು ಅಗಲ ಅಂತ ನಿಮಗೆ ಗೊತ್ತು, ಎರಡು ಸೈಕಲ್ಲು ಎದುರಾದರೆ ಒಂದು ಇಳಿಯಬೇಕು. ಅಷ್ಟನ್ನು ನಾನು ದಾಟಲಿಲ್ಲ.

ಕಳೆದ ತಿಂಗಳು ಆಸ್ಪತ್ರೆಗೆ ಹೋಗಿದ್ದೆ. ಶಾಲೆಯ ಪರವಾಗಿ, ಹಣ್ಣು ಹಿಡಿದುಕೊಂಡು. ನರ್ಸಮ್ಮ ಹಳೆಯ ಸೋಡಾ ಬಾಟಲಿಯಲ್ಲಿ ನೀರು ತಂದಿಟ್ಟಿದ್ದರು. ಟೀಚರ್ ತುಟಿ ಒಡೆದು ರಕ್ತ ಬರುವಷ್ಟು ಒಣಗಿತ್ತು, ಬಾಟಲಿ ಮುಟ್ಟಿರಲಿಲ್ಲ. ಇದರಲ್ಲಿ ಮೊದಲು ಏನಿತ್ತು ಅಂತ ನರ್ಸಮ್ಮನನ್ನು ಕೇಳುತ್ತಲೇ ಇದ್ದರಂತೆ. ನನ್ನನ್ನು ನೋಡಿ ಹತ್ತಿರ ಕರೆದರು.

"ಮೇಷ್ಟ್ರೇ, ಇನ್ನೊಂದ್ಸಲ ಕೇಳ್ತೀನಿ, ಬೇಜಾರಾಗ್ಬೇಡಿ. ಆ ಕ್ಯಾನಿಗೆ ಮೊಳೆ ಹೊಡೆದಿದ್ರಾ?"

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸಾಯುವ ಹೆಂಗಸು, ಯಾರಿಗೆ ಹೇಳುತ್ತಿದ್ದರು? ಒಂದು ಮಾತು ಸಾಕಿತ್ತು. ಅವರು ನೀರು ಕುಡಿಯುತ್ತಿದ್ದರು.

"ಹೊಡೆದಿದ್ದೆ ಟೀಚರ್" ಅಂದೆ.

"ಸರಿ ಬಿಡಿ" ಅಂದು ಆ ಕಡೆ ತಿರುಗಿ ಮಲಗಿದರು. ನಾನು ತಂದ ಕಿತ್ತಳೆ ಹಣ್ಣನ್ನು ಮೇಜಿನ ಮೇಲಿಟ್ಟು ಬಂದೆ.

ಯಾಕೆ ಹೇಳಲಿಲ್ಲ ಎಂದು ಕೇಳಬೇಡಿ. ಮಗು ಸತ್ತಾಗ ಪಿಂಚಣಿಗೆ ಎರಡೇ ವರ್ಷ ಇತ್ತು, ಹೆಂಡತಿ ಏನನ್ನುತ್ತಾಳೋ ಎಂಬ ಭಯ ಇತ್ತು — ಇಂಥದ್ದೆಲ್ಲ ಹೇಳಬಹುದು. ಎಲ್ಲ ಬೊಗಳೆ. ಹೇಳದೆ ಇರುವುದು ಸಲೀಸಾಗಿತ್ತು. ಬೆಳಿಗ್ಗೆ ಎದ್ದು ಚಹಾ ಕುಡಿದಷ್ಟು ಸಲೀಸು. ಇವತ್ತೂ ಹೇಳುತ್ತಿರಲಿಲ್ಲವೇನೋ. ಆದರೆ ಆಕೆ ಮಾಡದ ತಪ್ಪಿಗೆ ಆಕೆಯ ಹೆಣದ ಮುಂದೆ ಕ್ಷಮೆ ಹಂಚಿ, ಊರೆಲ್ಲ ಆಮೆನ್ ಅಂದು, ಅದರ ಮೇಲೆ ಮಣ್ಣು ಹಾಕಿ ಮನೆಗೆ ಹೋಗಿ ಊಟ ಮಾಡುವುದು — ಅಷ್ಟು ನನ್ನಂಥವನಿಗೂ ಆಗಲಿಲ್ಲ. ಇಮಾಲಿ, ನಿನ್ನ ಅಮ್ಮ ಯಾರನ್ನೂ ಕೊಲ್ಲಲಿಲ್ಲ. ಇದನ್ನು ನಾನು ಹೇಳಬೇಕಾಗಿದ್ದದ್ದು ನಿನಗಲ್ಲ. ಅವರಿಗೆ.

ಪಾದ್ರಿಗಳೇ, ನೀವು ಗಂಟಲು ಸರಿಮಾಡಿಕೊಳ್ಳುವುದು ಬೇಡ, ಮುಗಿಯಿತು. ಪೊಲೀಸರನ್ನು ಕರೆಯುವವರು ಕರೆಯಿರಿ, ನಾನೆಲ್ಲೂ ಓಡುವುದಿಲ್ಲ.

ಈಗ ಕವೇರೆ ಟೀಚರಿಗೆ ಒಂದು ನಿಮಿಷ ಕೊಡೋಣ. ಹೆಡ್‌ಮಾಸ್ಟರೇ, ಗಡಿಯಾರ ನೀವು ನೋಡಿಕೊಳ್ಳಿ. ಟೋಪಿ ತೆಗೆಯಿರಿ. ಪಕ್ಕದವರ ಕಿವಿ ಕಚ್ಚಬೇಡಿ, ನನ್ನನ್ನು ಬೈಯುವುದಿದ್ದರೆ ನಿಮಿಷ ಮುಗಿದ ಮೇಲೆ ಬೈಯಿರಿ. ಯಾರೂ ಬಾಯಿ ತೆರೆಯಕೂಡದು.

ಮಿನಾಯೊ ಅಮ್ಮ, ಈ ಮಾತು ನಿಮಗಲ್ಲ. ನೀವು ಮಾತಾಡಿ. ಕಿಸಿಯಾ ಬಗ್ಗೆ ನನ್ನನ್ನು ಏನು ಕೇಳಬೇಕೋ ಎಲ್ಲರ ಮುಂದೆ ಕೇಳಿ, ನಾನು ಇಲ್ಲೇ ನಿಂತಿರುತ್ತೇನೆ.

ಎಲ್ಲರೂ ಎದ್ದು ನಿಲ್ಲಿ.