ಗುಂಯ್ ಅನ್ನುವ ಸಪ್ಪಳ

ರಾಯಚೂರು ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಅತ್ತೆ ಸೊಸೆ ಇಬ್ಬರೂ ಗಬ್ಬೂರು ಬಸ್ಸಿಗೆ ಕಾಯುತ್ತಿದ್ದರು. ಸೊಸೆ ಮೊಬೈಲಿನಲ್ಲಿ ಒಂದು ಸಣ್ಣ ಡಬ್ಬಿಯ ಚಿತ್ರ ತೋರಿಸುತ್ತಿದ್ದಳು. ನಾನು ಪೇಪರ್ ಓದುವವನಂತೆ ಕುಳಿತೆ.

"ಇದಕ್ಕ ಪ್ರಿಆಂಪ್ ಅಂತಾರ್ರಿ ಅತ್ತಿ. ಇದನ್ನ ಹಚ್ಚಿದ್ರ ನಿಮ್ಮ ರೆಕಾರ್ಡ್ ಪ್ಲೇಯರ್ ನಮ್ಮ ಸ್ಪೀಕರಿನ್ಯಾಗ ಜೋರಾಗಿ ಕೇಳ್ತದ. ರೇಟೂ ಕಡಿಮಿ ಅದ."

"ಈ ಬಟನ್ ಯಾತಕ್ಕ?"

"ಹಾಡಿನ ಹಿಂದ ಮಷಿನ್ನು ಗುಂಯ್ ಅಂತದಲ್ರೀ, ಆ ಸಪ್ಪಳ ತೆಗಿತದ."

"ಹಂಗಾದ್ರ ಬ್ಯಾಡ ಬಿಡು."

"ಯಾಕ್ರೀ?"

"ನಿನ್ನ ಗಂಡ ಕೂಸಿದ್ದಾಗ ಹಾಡಿಗೆಲ್ಲಿ ಮಲಗ್ತಿದ್ದ? ಆ ಗುಂಯ್ ಸಪ್ಪಳಕ್ಕ ಕಣ್ಣು ಮುಚ್ಚತಿದ್ದ. ಹಾಡು ಮುಗಿದ್ರೂ ನಾ ಮಷಿನ್ ಬಂದ್ ಮಾಡ್ತಿದ್ದಿಲ್ಲ."

"ಬಟನ್ ಒತ್ತಿದ್ರಷ್ಟ ಹೋಗ್ತದ್ರಿ. ಒತ್ತಲಿಲ್ಲಂದ್ರ ಸಪ್ಪಳ ಹಂಗ ಇರ್ತದ."

"ಹೌದಾ? ಹಂಗಾದ್ರ ಇದನ್ನ ತರಸು."

ಸೊಸೆ ನಕ್ಕಳು. "ನಿಮ್ಮ ಮಗಗ ಈಗ ಅದೆಲ್ಲ ಯಾಕ್ರೀ? ಕುಂತಲ್ಲೇ ಗೊರಕಿ ಹೊಡಿತಾರ."

"ಅವನ ಮಾತು ಯಾರು ತಗದ್ರು?"

ಅಷ್ಟರಲ್ಲಿ ಬಸ್ಸು ಬಂತು. ಅತ್ತೆ ಸೊಸೆಯ ಕೈಯಿಂದ ಚೀಲ ಕಸಿದುಕೊಂಡು, ಇನ್ನೊಂದು ಕೈಯನ್ನು ಅವಳ ಬೆನ್ನಿಗೆ ಕೊಟ್ಟರು.

"ಸಾವಕಾಶ ಹತ್ತವ್ವಾ. ಎರಡು ಜೀವದಾಕಿ ನೀ."