ಅಡುಗೆಯವಳ ಬೆನ್ನ ಹಿಂದಿನ ಮಗು

…ಅದನ್ನೇ ಕೇಳ್ತಿರೋದು ನಾನು. ಈ ಮೂರು ಪುಟ ಯಾರ ಕೈಯದು? ನಂದಂತೂ ಅಲ್ಲ. ನೋಡು, ಇಲ್ಲಿ ನೋಡು… ಬೆರಳುಗಳೋ ಮೂಲಂಗಿಯೋ ಇವು? ನನ್ನ ಗೆರೆಯನ್ನ ಅಣಕಿಸಿ ಬರೆದಿದ್ದಾನೆ, ಅದೂ ನೆಟ್ಟಗೆ ಬಂದಿಲ್ಲ. ನಗ್ತಿದ್ದೀಯಾ? ಯಾಕೆ ನಗ್ತೀಯ? ಇಲ್ವಾ. ಸರಿ, ನನಗೆ ಹಾಗೆ ಕಾಣಿಸ್ತು.

ಪ್ರೆಸ್ಸಿಂದ ಪ್ರೂಫ್ ಬಂತು ಅಂತ ಎಷ್ಟು ಖುಷಿಯಾಗಿ ಬಿಚ್ಚಿದೆ ಗೊತ್ತಾ? ಅಮ್ಮನ ಹಾಸಿಗೆ ಮೇಲೇ ಹರಡಿಕೊಂಡೆ. ನೋಡಮ್ಮ, ನಮ್ಮ ಚಿತ್ರಕಾದಂಬರಿ, ಮಾತೆಲ್ಲ ಅವಳದು, ಚಿತ್ರವೆಲ್ಲ ನಂದು ಅಂದೆ. ಒಂದೊಂದೇ ಪುಟ ತೋರಿಸ್ತಾ ಬಂದೆ. ಕೊನೆ ಹತ್ತಿರ ಇವು ಬಂದ್ವು. ಅಮ್ಮನ ಮುಂದೆ ನಾನು ತಟಕ್ಕನೆ ಮುಚ್ಚಿಟ್ಟೆ.

ಅವಸರ ಇತ್ತು, ಬೇರೆಯವನ ಕೈಲಿ ಬರೆಸಿದೆ ಅಂತೀಯ. ಇರಬಹುದು. ನಾನು ಆಸ್ಪತ್ರೇಲಿದ್ದೆ, ಅಮ್ಮನ ಜ್ವರ ಇಳೀತಿರ್ಲಿಲ್ಲ. ಆದ್ರೂ ಒಂದು ಮಾತು ಹೇಳ್ಬಹುದಿತ್ತಲ್ಲ… ಏನು? ಕೇಳಿದ್ದೆಯಾ? ಹೂಂ, ಆ ಪುಟಗಳನ್ನ ಬದಲಿಸಿ ಕೊಡು ಅಂತ ನೀನು ಕೇಳಿದ್ದೆ. ಒಪ್ಕೋತೀನಿ. ಕೇಳಿದಾಗೆಲ್ಲ ನಾನು ನಾಯೀನೇ ಬರೆದು ಕೊಟ್ಟೆ. ತೊತ್ತಿನ ಹೆಂಗಸರೆಲ್ಲ ಹಿತ್ತಲ ಬಾಗಿಲಿಂದ ತಪ್ಪಿಸಿಕೊಂಡು ಹೊರಡ್ತಾರೆ, ನಾಯಿ ಬೊಗಳುತ್ತೆ, ಯಜಮಾನ ಏಳ್ತಾನೆ, ಹೊಳೆ ಹತ್ತಿರ ಸಿಕ್ಕಿಬೀಳ್ತಾರೆ. ಏನು ತಪ್ಪು ಅದರಲ್ಲಿ? ಹೂಂ, ಗೊತ್ತು. ನಾಯಿ ಬೊಗಳಿ ಎದ್ದವರು ಹೊಳೆಯ ಆಚೆ ದಡದಲ್ಲಿ ಮೊದಲೇ ಹೋಗಿ ಹೇಗೆ ಕಾಯ್ತಿದ್ರು ಅಂತ ಕೇಳ್ತಾನೇ ಇದ್ದೆ ನೀನು. ಟೀಚರಮ್ಮ ಅಲ್ವಾ, ಎಲ್ಲದಕ್ಕೂ ಉತ್ತರ ಬೇಕು.

ನಾವಿಬ್ಬರೂ ಒಂದೇ ಓಣಿಲಿ ಬೆಳೆದವರು ಕಣೇ. ನಿಮ್ಮಜ್ಜಿ ಬಟ್ಟೆ ಒಣಗಿಸ್ತಾ ಆ ದೊಡ್ಡ ಮನೆ ಕಥೆ ಹೇಳೋರು, ನಾವು ಒದ್ದೆ ಚಾದರದ ಕೆಳಗೆ ಕೂತು ಕೇಳ್ತಿದ್ವಿ. ನಿಮ್ಮಜ್ಜಿಯ ಅಜ್ಜಿ ಅಲ್ಲಿ ಬಟ್ಟೆ ಒಗೆಯೋಳು. ಯಜಮಾನಿಯ ರೇಷ್ಮೆಗೆ ಒಂದು ಹಿಡಿ ಸುಣ್ಣ ಜಾಸ್ತಿ ಹಾಕಿ, ನೆಂಟರ ಮುಂದೇನೇ ಅದು ಪರ್ ಅಂತ ಹರಿಯೋ ಹಾಗೆ ಮಾಡಿದವಳು. ನೇಯೋಳು ಮಗ್ಗದ ಹಗ್ಗ ತಾನೇ ಕೊಯ್ದು ಇಲಿ ಅಂದದ್ದು, ಕೊಯ್ಲಿನ ಹೊತ್ತಿಗೆ ಸರಿಯಾಗಿ ಎಲ್ಲರೂ ಸೊಂಟ ಹಿಡ್ಕೊಂಡು ಮಲಗಿದ್ದು… ಎಲ್ಲ ಬರೆದೆ ನಾನು. ಕಣ್ಣು ಉರಿಯೋವರೆಗೂ ಬರೆದೆ. ನಿಮ್ಮಜ್ಜಿಯ ಅಜ್ಜಿಯ ಬೆನ್ನ ಮೇಲಿನ ಬಾಸುಂಡೆ ಬರೆಯೋವಾಗ ಪೆನ್ನು ಕೆಳಗಿಟ್ಟು ಅತ್ತಿದ್ದೆ. ನೀನೇ ನೋಡಿದ್ದೀಯ.

ಅಷ್ಟು ಮಾಡಿದವಳಿಗೆ ನೀನು ಇದನ್ನ ಕೊಟ್ಟೆ. ಸೌಟು ಹಿಡ್ಕೊಂಡು ಯಜಮಾನನ ಮುಂದೆ ತಲೆ ತಗ್ಗಿಸಿ ನಿಂತಿರೋ ಅಡುಗೆಯವಳು. ಜೊತೆಯವರು ಓಡಿಹೋಗ್ತಾರೆ ಅಂತ ಚಾಡಿ ಹೇಳ್ತಿದ್ದಾಳೆ. ಬೆನ್ನ ಹಿಂದೆ ಮಗು.

ಆ ಮಗು ಎಲ್ಲಿಂದ ಬಂತು? ಹೇಳು ಅದನ್ನ.

ನಾನೇ ಹೇಳ್ತೀನಿ ಬಿಡು. ಮನೆಗೆ ಹೋಗಿ ಮೈ ತೊಳ್ಕೊಂಡು ಬರ್ತೀನಿ, ಒಂಚೂರು ಅಮ್ಮನ ಹತ್ತಿರ ಕೂತಿರು ಅಂತ ನಿನ್ನ ಕೂರಿಸಿ ಹೋಗಿದ್ದೆನಲ್ಲ, ಆವತ್ತು. ಅಮ್ಮ ಜ್ವರದಲ್ಲಿ ಬಡಬಡಿಸ್ತಾಳೆ, ನನಗೆ ಗೊತ್ತು. ಅವಳು ಹಣೆ ಒತ್ತಿಸಿಕೊಂಡು ಏನೇನೋ ಅಂದಿದ್ದಾಳೆ, ನೀನು ಕಿವಿ ಕೊಟ್ಟು ಕೇಳಿಸಿಕೊಂಡಿದ್ದೀಯ. ಅಲ್ಲಿಂದ ನೆಟ್ಟಗೆ ಪ್ರೆಸ್ಸಿಗೆ. ಉಂಡ ಮನೆ ಜಂತೆ ಎಣಿಸೋದು ಅಂದ್ರೆ ಇದೇ. ಯಾರು ಮಾಡಿದ್ರೂ ತಡ್ಕೋತಿದ್ದೆ. ನೀನು ಮಾಡಿದೆಯಲ್ಲ… ಕಾಯಿಲೆ ಹೆಂಗಸಿನ ಬಾಯಿಂದ ಕದ್ದು ಅಚ್ಚು ಹಾಕಿಸಿದೆಯಲ್ಲ.

ಹಾಗೆ ನೋಡ್ಬೇಡ ನನ್ನ. ತಡಿ, ನಾನು ಮುಗಿಸ್ತೀನಿ.

ಆ ಅಡುಗೆಯವಳು ಏನು ಮಾಡ್ಬೇಕಿತ್ತು ಅಂತೀಯ? ಮಗಳನ್ನ ಮಾರೋಕೆ ಗಾಡಿ ಬಂದು ಅಂಗಳದಲ್ಲಿ ನಿಂತಿತ್ತು. ಇವರೆಲ್ಲ ಏನೋ ಪಿಸುಗುಡ್ತಾರೆ, ಏನು ಅಂತ ಹೇಳು, ಮಗು ನಿನ್ನ ಹತ್ತಿರಾನೇ ಇರುತ್ತೆ ಅಂದ ಯಜಮಾನ. ಹೇಳಿದ್ಲು. ಹಿತ್ತಲ ಬಾಗಿಲು ತೆಗೆದು ಕೊಡ್ತೀನಿ ಅಂತ ಮಾತು ಕೊಟ್ಟವಳೇ ಹೇಳಿದ್ಲು. ಆಮೇಲೆ ಬಾಗಿಲೂ ತೆಗೆದ್ಲು. ಹಾಗೇ ಮಾಡು, ಅವರಿಗೆ ಗೊತ್ತಾಗಬಾರದು ಅಂತ ಅವನ ಅಪ್ಪಣೆ. ನಿಮ್ಮಜ್ಜಿಯ ಅಜ್ಜಿ ಹೊಸ್ತಿಲು ದಾಟೋವಾಗ ಇವಳ ಕೈ ಹಿಡಿದು, ನಿನ್ನ ಋಣ ಹೇಗೆ ತೀರಿಸಲಿ ಅಂದ್ಲಂತೆ. ಅದನ್ನ ಯಾಕೆ ಹಾಕಿಲ್ಲ ಇದರಲ್ಲಿ? ಅಮ್ಮ ಅದನ್ನ ಹೇಳ್ಲಿಲ್ವಾ?

ನಮ್ಮಜ್ಜಿ ಇದನ್ನ ಬಾಗಿಲು ಹಾಕ್ಕೊಂಡು ಹೇಳೋರು. ಮನೆ ಹೆಣ್ಣುಮಕ್ಕಳಿಗೆ ಮಾತ್ರ. ನಿಮ್ಮನೆಯವರ ಕಿವಿಗೆ ಯಾವತ್ತೂ ಬೀಳಬಾರದು ಅಂತ ಆಣೆ ಹಾಕಿಸಿಕೊಂಡಿದ್ರು. ಯಾಕಂದ್ರೆ ಆ ಮಗು ನಮ್ಮಜ್ಜಿಯ ಅಮ್ಮ ಕಣೇ. ಅವತ್ತು ಅದು ಆ ಗಾಡಿ ಹತ್ತಿದ್ದಿದ್ರೆ ನಮ್ಮಜ್ಜಿ ಎಲ್ಲಿ, ಅಮ್ಮ ಎಲ್ಲಿ, ನಾನೆಲ್ಲಿ…

…ಏನಂದೆ?

ನಿದ್ದೆ ಮಾಡ್ತಿದ್ಲಾ? ನೀನು ಕೂತಿದ್ದಷ್ಟು ಹೊತ್ತೂ? ಒಂದು ಮಾತೂ ಆಡ್ಲಿಲ್ವಾ ಅಮ್ಮ?

ಮತ್ತೆ… ಅಡುಗೆಯವಳು? ಹಿತ್ತಲ ಬೀಗದ ಕೈ ಅವಳ ಹತ್ತಿರಾನೇ ಇರುತ್ತೆ ಅಂತ ಅವಳನ್ನ ಹಾಕಿದ್ದು. ಅಷ್ಟೇನಾ. ಮತ್ತೆ ಈ ಮಗು? ನೀನೇ ಕಟ್ಟಿದ್ದು. ಬರೀ ಕೇಡಿ ಅನ್ನಿಸಬಾರದು, ಓದೋರಿಗೆ ಅವಳ ಮೇಲೂ ಕರುಳು ಚುರ್ ಅನ್ನಬೇಕು ಅಂತ. ಅಯ್ಯೋ… ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತಲ್ಲ. ಯಾರೂ ನನ್ನ ಕಳ್ಳಿ ಅಂದೂ ಇರ್ಲಿಲ್ಲ.

ನಿನಗೆ ಏನೂ ಗೊತ್ತಿರ್ಲಿಲ್ಲ.

ಕೇಳು… ನಾನು ಹೇಳೋಣ ಅಂತ ಎಷ್ಟೋ ಸಲ ಬಾಯಿ ತೆಗೆದಿದ್ದೆ. ಇಲ್ಲ. ಸುಳ್ಳು. ತೆಗೆದಿರ್ಲಿಲ್ಲ. ಪುಸ್ತಕ ಮಾಡೋಣ ಅಂತ ನೀನು ಬಂದಾಗ ನನಗೆ ಮೊದಲು ಹೊಳೆದಿದ್ದೇ ಇದು. ಚಿತ್ರ ನಾನು ಬರೆದ್ರೆ ಆ ಬಾಗಿಲ ಹತ್ತಿರ ಯಾರಿದ್ರು ಅಂತ ಯಾರಿಗೂ ಕಾಣಲ್ಲ ಅಂತ. ಅದಕ್ಕೇ ಹೂಂ ಅಂದೆ.

ನಿಮ್ಮಜ್ಜಿಗೆ ಹೇಳ್ತೀಯಾ? ತೊಂಬತ್ತು ದಾಟಿದೆ ಅವರಿಗೆ. ಅಮ್ಮ ಮಲಗಿದಾಗಿಂದ ನಮ್ಮನೆಗೆ ದಿನಾ ಊಟ ಕಳಿಸ್ತಾರೆ… ಹೇಳ್ಬೇಡ ಅನ್ನೋಕೆ ನನಗೆ ಬಾಯಿಲ್ಲ.

ಬೈಯಿ. ಏನಾದ್ರೂ ಅನ್ನು. ಹೊರಗೆ ಹೋಗು ಅನ್ನು, ಹೋಗ್ತೀನಿ. ಹೀಗೆ ಸುಮ್ಮನೆ ಕೂತು ನೋಡ್ತಾ ಇರಬೇಡ ಕಣೇ. ಹೊಳೆಯಿಂದ ಅವರನ್ನ ಅಂಗಳಕ್ಕೆ ಎಳೆದು ತಂದಾಗ ನಿಮ್ಮಜ್ಜಿಯ ಅಜ್ಜಿ ಅಡುಗೆಮನೆ ಬಾಗಿಲ ಕಡೆ ತಿರುಗಿ ನೋಡಿದ್ಲಂತೆ. ಇವಳು ಮಗು ಎತ್ಕೊಂಡು ಅಲ್ಲೇ ನಿಂತಿದ್ಲು. ಶಾಪ ಹಾಕ್ಲಿ, ಉಗೀಲಿ ಅಂತ ಕಾದ್ಲಂತೆ.

ಅವಳು ಒಂದು ಮಾತೂ ಆಡ್ಲಿಲ್ಲವಂತೆ.