ಜಪಾನಿ ಡಬ್ಬ

ವೆಂಡೆಲ್‌ಗೆ ಆ ಮಧ್ಯಾಹ್ನ ಓಡುವ ಗಾಡಿಯಿರಲಿಲ್ಲ. ಕಾರು ಕಾರ್ಖಾನೆಗಳಿಗೆ ಹೆಸರಾದ ಅಮೆರಿಕದ ಫ್ಲಿಂಟ್ ಊರಿನ ಗ್ಯಾರೇಜಿನಲ್ಲಿ ಅವನ ಟ್ರಕ್ಕನ್ನು ಮೇಲೆತ್ತಿ ನಿಲ್ಲಿಸಿದ್ದರು. ಬಿಡಿಭಾಗ ನಾಳೆ ಬರುವುದಂತೆ. ಆಯಿಲ್ ಬದಲಾಯಿಸಲು ಬಂದಿದ್ದ ನಾನು ಎದುರಿನ ಬೆಂಚಿನಲ್ಲಿದ್ದೆ. ಅವನನ್ನು ಕರೆದೊಯ್ಯಲು ಮಗಳು ಡಾರ್ಲೀನ್ ಬಂದಳು.

"ಏಳಪ್ಪ. ಎರಡು ಗಂಟೆಗೆ ಯೂನಿಯನ್ ಹಾಲಿಂದ ಕ್ಲೀಟಸ್ ಮಾಮನ ಹೆಣ ಎತ್ತುತ್ತಾರೆ."

"ನಿನ್ನ ಜಪಾನಿ ಡಬ್ಬದಲ್ಲಿ ನಾನು ಕೂರಲ್ಲ."

"ನನ್ನ ಡಬ್ಬ ಓಡುತ್ತೆ. ನಿನ್ನ ಅಮೆರಿಕನ್ ಟ್ರಕ್ ನೇತಾಡ್ತಿದೆ ನೋಡು."

"ಕೆಟ್ರೂ ಅದು ನಮ್ಮದು."

"ಏನು ನಮ್ಮದು? ಅದನ್ನ ಜೋಡಿಸಿದ್ದು ಮೆಕ್ಸಿಕೋದಲ್ಲಿ. ನನ್ನದು ಇಲ್ಲೇ, ಅಮೆರಿಕದ ಕೆಂಟಕಿಲಿ."

"ಆ ಕೆಂಟಕಿ ಕಾರ್ಖಾನೇಲಿ ಕಾರ್ಮಿಕರ ಯೂನಿಯನ್ ಇದೆಯಾ?"

"ಈಗ ಅದೆಲ್ಲಾ ಬೇಕಾ? ಶವಪೆಟ್ಟಿಗೆ ಹೊರೋ ಆರು ಜನದಲ್ಲಿ ನೀನೊಬ್ಬ. ಮಾಮನೇ ನಿನ್ನ ಹೆಸರು ಹೇಳಿ ಸತ್ತಿದ್ದು."

"ಯೂನಿಯನ್ ಹಾಲ್ ಮುಂದೆ ಬೋರ್ಡಿದೆ. ವಿದೇಶಿ ಕಾರು ನಿಲ್ಸಿದ್ರೆ ಎಳ್ಕೊಂಡು ಹೋಗ್ತೀವಿ ಅಂತ. ನೆಟ್ಟಿದ್ದು ಯಾರು ಗೊತ್ತಾ?"

"ಗೊತ್ತು. ನೀನೂ ಕ್ಲೀಟಸ್ ಮಾಮನೂ. ಎರಡು ಬೀದಿ ಆಚೆ ನಿಲ್ಲಿಸ್ತೀನಿ, ನಡ್ಕೊಂಡು ಹೋಗೋಣ."

"ಈ ಮಂಡಿ ಇಟ್ಕೊಂಡು ಅಷ್ಟು ನಡೆದ್ರೆ, ಅವನ ಜೊತೆ ನನ್ನನ್ನೂ ಹೊರಬೇಕಾಗುತ್ತೆ."

"ಹಾಗಾದ್ರೆ ಬಾಗಿಲಲ್ಲೇ ಇಳಿಸ್ತೀನಿ."

"ಎಲ್ಲರ ಮುಂದೆ? ಇಲ್ಲಿನ ಕಾರು ಕಾರ್ಖಾನೇಲಿ ದುಡಿದಷ್ಟು ದಿನ ಇಂಥ ಕಾರು ಕಂಡ್ರೆ ಉಗಿದವನು ನಾನು."

ಮುದುಕ ಗಡಿಯಾರ ನೋಡಿದ, ಟ್ರಕ್ ನೋಡಿದ, ಎದ್ದ.

"ಸರಿ, ಮನೆಗೆ ಬಿಡು."

"ಅಪ್ಪಾ..."

"ಮನೆಗೆ ಅಂದೆ."

ಹಿಂದಿನ ಸೀಟಿನಲ್ಲಿ ಕೂತು ಅವನು ಟೋಪಿ ಕೆಳಗೆಳೆದುಕೊಂಡ. ಯೂನಿಯನ್ ಹಾಲ್ ಇರುವುದು ಎಡಕ್ಕೆ. ಕಾರು ಬಲಕ್ಕೆ ತಿರುಗಿತು. ಕ್ಲೀಟಸ್‌ನ ಪೆಟ್ಟಿಗೆಗೆ ಒಂದು ಹೆಗಲು ಕಡಿಮೆಯಾಯಿತು.